ಕೊನೆಯ ಕೈ

ಜನವರಿ ೯

ಸೊಸೆಗೆ,

ಈ ಪತ್ರವನ್ನು ಮನೆಯ ಸೊಸೆಗೆ ಬರೆಯುತ್ತಿಲ್ಲ, ನಮ್ಮ ಲಾಂಡ್ರಿಯ ಕಂಪ್ಯೂಟರಿಗೆ ಪ್ರೋಗ್ರಾಂ ಬರೆದುಕೊಟ್ಟವಳಿಗೆ ಬರೆಯುತ್ತಿದ್ದೇನೆ. ಆದ್ದರಿಂದ ನಾನು ಯಾರೆಂದು ಮೊದಲೇ ಹೇಳಿಬಿಡುತ್ತೇನೆ. ನಾನು ಈ ಲಾಂಡ್ರಿಯ ಯಜಮಾನಿ. ಮೂರು ಆಸ್ಪತ್ರೆಗಳ ಬೆಡ್‌ಶೀಟು, ದಿಂಬಿನ ಚೀಲ, ಆಪರೇಷನ್ ಕೋಣೆಯ ಹಸಿರು ಬಟ್ಟೆ ಮೂವತ್ತೆಂಟು ವರ್ಷದಿಂದ ನನ್ನ ಕಣ್ಣೆದುರೇ ಕುದಿದು, ಒಣಗಿ, ಮಡಿಕೆಯಾಗಿ ಹೋಗುತ್ತಿವೆ. ನನ್ನ ಕೈಕೆಳಗೆ ಇಪ್ಪತ್ತಾರು ಜನ. ನಾನು ಓದಿದ್ದು ಹೈಸ್ಕೂಲು. ಆದರೆ ಒಂದು ದಿಂಬಿನ ಚೀಲ ಎಲ್ಲಿ ಹೋಯಿತೆಂದು ಆಸ್ಪತ್ರೆಯವರು ಕೇಳಿದಾಗ ತಲೆ ಕೆರೆದುಕೊಂಡ ದಿನವಿಲ್ಲ. ಯಂತ್ರಗಳ ಗದ್ದಲಕ್ಕೆ ಕಿವಿ ಮಂದವಾಗಿದೆ. ಫೋನಿನಲ್ಲಿ ನೀನು ಹೇಳಿದ್ದು ಅರ್ಧವೂ ಕೇಳಿಸುವುದಿಲ್ಲ. ಕಾಗದದಲ್ಲಿ ಬರೆದರೆ ಪೂರ್ತಿ ಕೇಳಿಸುತ್ತದೆ.

ಇಲ್ಲಿಯ ನಿಯಮ ನಿನಗೆ ಗೊತ್ತು: ಕೊನೆಯ ಕೈ. ಒಗೆದ ಬಟ್ಟೆಯ ಗಂಟು ಕಟ್ಟಿದಾಗಿನಿಂದ ಅದು ಆಸ್ಪತ್ರೆಯ ಬಾಗಿಲು ಸೇರುವ ತನಕ, ಅದನ್ನು ಮುಟ್ಟುವ ಪ್ರತಿಯೊಬ್ಬರೂ ತಮ್ಮ ಗುರುತಿನ ಬಿಲ್ಲೆಯನ್ನೂ ಗಂಟಿನ ಚೀಟಿಯನ್ನೂ ಸ್ಕ್ಯಾನರಿಗೆ ತೋರಿಸಬೇಕು. ಗಂಟು ಕಾಣೆಯಾದರೆ ಕೊನೆಗೆ ತೋರಿಸಿದವರೇ ಹೊಣೆ. ಹೊಣೆಯಾದವರು ಬಿಲ್ಲೆ ಕೆಳಗಿಟ್ಟು ಹೊರಡಬೇಕು. ನಿನ್ನ ಗಂಡ ಕಾಲೇಜಿನ ರಜೆಯಲ್ಲಿ ಇಲ್ಲಿ ಕೆಲಸ ಮಾಡುತ್ತ ಒಂದು ಗಂಟು ಕಳೆದಾಗ ಅವನನ್ನೂ ಹಾಗೇ ಕಳಿಸಿದ್ದೆ. ಕೇಳಿ ನೋಡು.

ಡಿಸೆಂಬರಿನಲ್ಲಿ ಹಳೆಯ ಕಂಪ್ಯೂಟರು ಸತ್ತಿತು. ಅಂಗಡಿಯವನು ಹೊಸದನ್ನು ತಂದು, ಡೇಟಾಬೇಸನ್ನೂ ಬೇರೆ ಜಾತಿಯದು ಹಾಕಿ, ಹಳೆಯ ದಾಖಲೆಗಳನ್ನೆಲ್ಲ ಅದರೊಳಕ್ಕೆ ತುಂಬಿಕೊಟ್ಟ. ನಿನ್ನ ಪ್ರೋಗ್ರಾಂ ಹಾಗೆಯೇ ಇದೆ. ವರ್ಷದ ಎಣಿಕೆಯಲ್ಲಿ ದೊಡ್ಡ ಆಸ್ಪತ್ರೆಯ ಹನ್ನೊಂದು ಗಂಟು ಕಡಿಮೆ ಬಂತು. ಪಟ್ಟಿ ತೆಗೆದೆ. ಹನ್ನೊಂದಕ್ಕೂ ಕೊನೆಯ ಕೈ ಒಂದೇ. ಗಂಟಕ್ಕ.

ಇಪ್ಪತ್ತೆರಡು ವರ್ಷದಿಂದ ಬಟ್ಟೆ ಎಣಿಸಿ ಗಂಟು ಕಟ್ಟುತ್ತಿರುವವಳು. ಅವಳ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು. ನಿನ್ನೆ ಮಧ್ಯಾಹ್ನ ಊಟದ ಗಂಟೆ ಹೊಡೆದ ಮೇಲೆ, ಎಲ್ಲರೂ ಸೇರಿದ್ದಾಗ ಅವಳನ್ನು ಮುಂದೆ ಕರೆದು ಪಟ್ಟಿ ಓದಿದೆ.

"ಅಮ್ಮಾ, ನಾನು ಗಂಟು ಕಟ್ಟೋಳು. ನಂದು ಯಾವತ್ತೂ ಮೊದಲನೇ ಕೈ. ಕೊನೇ ಕೈ ಹೇಗಾಯ್ತು?" ಎಂದಳು.

"ಅದನ್ನ ನೀನು ಹೇಳ್ಬೇಕು. ಯಂತ್ರಕ್ಕೆ ನಿನ್ನ ಮೇಲೆ ದ್ವೇಷ ಇದೆಯಾ?"

"ದ್ವೇಷ ಇಲ್ಲಮ್ಮ. ಕಣ್ಣೂ ಇಲ್ಲ."

ಬಿಲ್ಲೆ ಮೇಜಿನ ಮೇಲಿಟ್ಟಳು. ಮೇಲಂಗಿ ಬಿಚ್ಚಿ, ಅಂಚಿಗೆ ಅಂಚು ಕೂಡಿಸಿ ಮಡಚಿ, ಅದರ ಪಕ್ಕದಲ್ಲಿಟ್ಟು ಹೋದಳು.

ಆಸ್ಪತ್ರೆಯ ಉಗ್ರಾಣದ ಮೇಲ್ವಿಚಾರಕಿ ತನಿಖೆಯ ವಿವರವನ್ನು ಬರಹದಲ್ಲಿ ಕೇಳಿದ್ದಾಳೆ. ಪಟ್ಟಿ ಸರಿಯಾಗಿದೆ ಎಂದು ಒಂದು ಪುಟ ಬರೆದು, ಸಹಿ ಹಾಕಿ ಕಳಿಸು. ಅಷ್ಟೇ ಕೆಲಸ.

ಯಜಮಾನಿ

ನಿನ್ನ ಗಂಡನಿಗೆ ಬೆಳಿಗ್ಗೆ ಹೊರಡುವಾಗ ಸ್ವೆಟರ್ ಹಾಕಿಕೊಳ್ಳಲು ಹೇಳು. ಇದೊಂದು ಸಾಲು ಮಾತ್ರ ಅತ್ತೆಯದು.


ಜನವರಿ ೧೭

ಅತ್ತೆಯವರಿಗೆ ನಮಸ್ಕಾರ.

ಸ್ವೆಟರ್ ಹಾಕಿಕೊಂಡು ಹೋಗಿದ್ದಾರೆ. ಕಳೆದ ಗಂಟಿನ ವಿಷಯ ಕೇಳಿದೆ, ಇಷ್ಟು ವರ್ಷವಾದರೂ ಅವರ ಕಿವಿ ಕೆಂಪಾಯಿತು.

ನೀವು ಕೇಳಿದ ಪುಟವನ್ನು ನಾನು ಕಳಿಸಲಾರೆ. ಯಾಕೆಂದು ಹೇಳುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಪಟ್ಟಿ ತೆಗೆಯುವಾಗ ನನ್ನ ಪ್ರೋಗ್ರಾಂ ಒಂದು ಪ್ರಶ್ನೆಯ ಹೊಟ್ಟೆಯೊಳಗೆ ಇನ್ನೊಂದು ಪ್ರಶ್ನೆ ಇಟ್ಟು ಕೇಳುತ್ತದೆ. ಹೊರಗಿನ ಪ್ರಶ್ನೆ: ತಲುಪದ ಗಂಟುಗಳು ಯಾವುವು? ಒಳಗಿನದು, ಒಂದೊಂದು ಗಂಟಿಗೂ ಬೇರೆಬೇರೆಯಾಗಿ: ಇದನ್ನು ಮುಟ್ಟಿದವರನ್ನೆಲ್ಲ ಸಾಲಾಗಿ ನಿಲ್ಲಿಸು, ಕೊನೆಗೆ ಮುಟ್ಟಿದವರು ಎಲ್ಲರಿಗಿಂತ ಮುಂದೆ ನಿಲ್ಲಲಿ, ಹಾಗೆ ಮುಂದೆ ನಿಂತ ಒಬ್ಬರ ಹೆಸರು ಕೊಡು.

ಆದರೆ ಇದನ್ನು ನಾನು ಡೇಟಾಬೇಸಿನ ಭಾಷೆಯಲ್ಲಿ ನೇರವಾಗಿ ಬರೆದಿಲ್ಲ. ಫ್ರೇಮ್‌ವರ್ಕ್ ಎಂಬುದೊಂದಿದೆ, ಸಾವಿರಾರು ಜನ ತಮ್ಮ ಪ್ರೋಗ್ರಾಂಗಳನ್ನು ಅದರ ಮೇಲೆ ಕಟ್ಟುತ್ತಾರೆ. ಅದನ್ನು ರಿಪೇರಿ ಮಾಡುತ್ತ ನೋಡಿಕೊಳ್ಳುವವರಲ್ಲಿ ನಾನೂ ಒಬ್ಬಳು. ಅದರೊಳಗೆ ಒಬ್ಬ ದುಭಾಷಿ ಕೂತಿದ್ದಾನೆ ಎಂದುಕೊಳ್ಳಿ. ನಾವು ಕೇಳಿದ್ದನ್ನು ಅವನು ಆಯಾ ಡೇಟಾಬೇಸಿನ ಮಾತಿಗೆ ತಿರುಗಿಸಿ ಹೇಳುತ್ತಾನೆ. ಒಂದೊಂದು ಡೇಟಾಬೇಸಿನ ಮಾತೂ ಒಂದೊಂದು ತರಹ, ಸ್ವಭಾವವೂ ಹಾಗೇ. ನಿಮ್ಮ ಹೊಸ ಡೇಟಾಬೇಸಿಗೆ ಒಳಗಿನ ಪ್ರಶ್ನೆಯಲ್ಲಿ "ಸಾಲಾಗಿ ನಿಲ್ಲಿಸು" ಎಂದರೆ ಸಿಡುಕು. ಅದನ್ನು ಸಮಾಧಾನದಲ್ಲಿಡಲು ದುಭಾಷಿ ಆ ಮಾತನ್ನೇ ನುಂಗಿಬಿಡುತ್ತಿದ್ದಾನೋ ಎಂದು ನನ್ನ ಅನುಮಾನ. ಹಾಗಾದರೆ ಉಳಿಯುವುದು "ಒಬ್ಬರ ಹೆಸರು ಕೊಡು" ಎಂಬುದಷ್ಟೇ. ಅದು ಕೈಗೆ ಸಿಕ್ಕಿದ ಮೊದಲ ಹೆಸರನ್ನು ಕೊಡುತ್ತದೆ. ಎಲ್ಲ ಗಂಟನ್ನೂ ಮೊದಲು ಮುಟ್ಟುವವರು ಯಾರು, ಅತ್ತೆ?

ಲಾಂಡ್ರಿಯ ಕಂಪ್ಯೂಟರಿಗೆ ಹೊರಗಿನ ತಂತಿ ಬೇಡವೆಂದು ನೀವೇ ಹೇಳಿದ್ದರಿಂದ ನನಗೆ ಇಲ್ಲಿಂದ ಏನೂ ಕಾಣದು. ನೀವೇ ಒಂದು ಪರೀಕ್ಷೆ ಮಾಡಿ. ಒಂದು ಹೊಸ ಚೀಟಿ ತೆಗೆದುಕೊಳ್ಳಿ. ಇಬ್ಬರು ಒಬ್ಬರಾದ ಮೇಲೊಬ್ಬರು ತಮ್ಮ ಬಿಲ್ಲೆ ತೋರಿಸಲಿ, ಕೊನೆಗೆ ನೀವು ತೋರಿಸಿ. ಆಮೇಲೆ ಕೊನೆಯ ಕೈ ಯಾರದೆಂದು ಕಂಪ್ಯೂಟರನ್ನು ಕೇಳಿ. ಇದರ ಜೊತೆಗೇ ಪೆನ್ ಡ್ರೈವ್ ಇಟ್ಟಿದ್ದೇನೆ. ಅದನ್ನು ಸಿಕ್ಕಿಸಿದರೆ ದಾಖಲೆಗಳ ಪ್ರತಿ ತಾನೇ ಇಳಿಯುತ್ತದೆ.

ಗಂಟಕ್ಕನನ್ನು ಈಗಲೇ ವಾಪಸ್ ಕರೆಯಿರಿ ಎಂದು ಕೇಳುವ ಅಧಿಕಾರ ನನಗಿಲ್ಲ. ಆದರೂ ಕೇಳುತ್ತಿದ್ದೇನೆ.

ನಿಮ್ಮ ಸೊಸೆ


ಜನವರಿ ೨೪

ಸೊಸೆಗೆ,

ನಾನು ಕೇಳಿದ್ದು ಒಂದು ಪುಟ. ಬಂದಿದ್ದು ನಾಲ್ಕು ಪುಟ, ಅದರಲ್ಲಿ ನನಗೆ ಬೇಕಾದ ಒಂದು ಸಾಲೂ ಇಲ್ಲ.

ಐದು ವರ್ಷದ ಹಿಂದೆ ಈ ಪ್ರೋಗ್ರಾಂ ತಂದು ನನ್ನ ದಪ್ಪ ಪುಸ್ತಕವನ್ನು ಮುಚ್ಚಿಸಿದಾಗ ನೀನು ಏನು ಹೇಳಿದ್ದೆ? "ಅತ್ತೆ, ಮನುಷ್ಯರು ಮರೀತಾರೆ, ಇದು ಮರೆಯಲ್ಲ." ಈಗ ಅದರ ಹೊಟ್ಟೆಯಲ್ಲಿ ಮಾತು ನುಂಗುವ ದುಭಾಷಿ ಇದ್ದಾನೆ ಎನ್ನುತ್ತೀಯ. ಅವನನ್ನು ಆಗಲೇ ಪರಿಚಯ ಮಾಡಿಸಬೇಕಿತ್ತು.

ನಿನಗೆ ಗಂಟಕ್ಕನ ಮೇಲೆ ಮಮತೆ. ನನಗೆ ಗೊತ್ತಿಲ್ಲವೇ? ನೀನು ಈ ಮನೆಗೆ ಬಂದ ಹೊಸದರಲ್ಲಿ ನಾನು ಆರು ತಿಂಗಳು ನಿನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಆಗ ಮಧ್ಯಾಹ್ನ ನೀನು ಅವಳ ಬೆಂಚಿನ ಮೇಲೆ ಕೂತು ಅವಳ ಡಬ್ಬಿಯಲ್ಲಿ ಊಟ ಮಾಡುತ್ತಿದ್ದೆ. ನಾನು ಕಿಟಕಿಯಿಂದ ನೋಡುತ್ತಿದ್ದೆ. ಆ ಋಣಕ್ಕೆ ಈಗ ಯಂತ್ರದ ಮೇಲೆ ಗೂಬೆ ಕೂರಿಸಬೇಡ.

ಅವಳ ಜಾಗಕ್ಕೆ ಮಡಿಸುವ ವಿಭಾಗದಿಂದ ಒಬ್ಬಳನ್ನು ಹಾಕಿದ್ದೇನೆ. ಅವಳು ಕಟ್ಟಿದ ಗಂಟು ಮೊನ್ನೆ ಆಸ್ಪತ್ರೆಯ ಮೆಟ್ಟಿಲ ಮೇಲೆ ಬಿಚ್ಚಿಕೊಂಡು ನಲವತ್ತು ಬೆಡ್‌ಶೀಟು ಮೂರು ಮಹಡಿ ಇಳಿದವು. ಮೇಲ್ವಿಚಾರಕಿ ಫೋನ್ ಮಾಡಿ ಬೈದಳಂತೆ. ನನಗೆ ಕೇಳಿಸಲಿಲ್ಲ, ಒಳ್ಳೆಯದೇ ಆಯಿತು.

ನಿನ್ನ ಪರೀಕ್ಷೆಯನ್ನು ನಾನು ಮಾಡುವುದಿಲ್ಲ. ಇಪ್ಪತ್ತೈದು ಜನರ ಮುಂದೆ ಯಜಮಾನಿ ಸ್ಕ್ಯಾನರಿನೊಂದಿಗೆ ಆಟವಾಡುತ್ತ ನಿಲ್ಲುವುದು ಚೆನ್ನಾಗಿರುವುದಿಲ್ಲ.

ಯಜಮಾನಿ


ಫೆಬ್ರವರಿ ೨

ಸೊಸೆಗೆ,

ಪರೀಕ್ಷೆ ಮಾಡಿದೆ.

ಇಸ್ತ್ರಿಯವನನ್ನೂ ವ್ಯಾನ್ ಓಡಿಸುವವನನ್ನೂ ಕರೆದು, ಒಳಗೆ ಏನೂ ಇಲ್ಲದ ಖಾಲಿ ಗಂಟು ಕೊಟ್ಟು ಬಿಲ್ಲೆ ತೋರಿಸಲು ಹೇಳಿದೆ. "ಒಳಗೇನೂ ಇಲ್ವಲ್ಲ ಅಮ್ಮಾ?" ಎಂದ ಇಸ್ತ್ರಿಯವನು. "ನಿನ್ನ ತಲೇಲೂ ಇಲ್ಲ, ಆದ್ರೂ ದಿನಾ ಬರ್ತೀಯಲ್ಲ, ತೋರಿಸು" ಎಂದೆ. ಅವನು ತೋರಿಸಿದ, ವ್ಯಾನಿನವನು ತೋರಿಸಿದ, ಕೊನೆಗೆ ನಾನು ತೋರಿಸಿದೆ. ಕೊನೆಯ ಕೈ ಯಾರದೆಂದು ಕೇಳಿದರೆ ಇಸ್ತ್ರಿಯವನ ಹೆಸರು ಬಂತು. "ಅಮ್ಮಾ, ಖಾಲಿ ಗಂಟಿಗೂ ಕೆಲಸದಿಂದ ತೆಗೀತೀರಾ?" ಎಂದ. ಬೇರೆಬೇರೆ ಚೀಟಿಯಲ್ಲಿ ಏಳು ಸಲ ಮಾಡಿದೆ. ಏಳು ಸಲವೂ ಬಂದಿದ್ದು ಮೊದಲ ಕೈಯ ಹೆಸರು.

ಇದರಿಂದ ಗಂಟಕ್ಕ ತಪ್ಪು ಮಾಡಿಲ್ಲವೆಂದು ಗೊತ್ತಾಗುವುದಿಲ್ಲ. ಪಟ್ಟಿಗೆ ಏನೂ ಗೊತ್ತಿಲ್ಲವೆಂದು ಮಾತ್ರ ಗೊತ್ತಾಗುತ್ತದೆ. ಹನ್ನೊಂದು ಗಂಟನ್ನು ಕೊನೆಗೆ ಮುಟ್ಟಿದವರು ಯಾರೆಂಬುದು ತಿಳಿಯುವ ತನಕ ನಾನು ಯಾರನ್ನೂ ವಾಪಸ್ ಕರೆಯುವುದಿಲ್ಲ. ಒಂದು ಸಲ ಎಲ್ಲರೆದುರು ಅವಸರ ಮಾಡಿದ್ದೇನೆ, ಎರಡನೆಯ ಸಲ ಮಾಡಲಾರೆ.

ಪೆನ್ ಡ್ರೈವ್ ಇದರೊಂದಿಗೆ ಇದೆ. ಒಡೆಯಬಾರದೆಂದು ದಿಂಬಿನ ಚೀಲದ ತುಂಡಿನಲ್ಲಿ ಸುತ್ತಿದ್ದೇನೆ. ಬೇಗ ಸರಿಮಾಡು.

ಯಜಮಾನಿ


ಫೆಬ್ರವರಿ ೨೦

ಅತ್ತೆಯವರಿಗೆ ನಮಸ್ಕಾರ.

ಇಷ್ಟು ದಿನ ಯಾಕಾಯಿತೆಂದು ನೀವು ಕೇಳುತ್ತೀರಿ. ತಪ್ಪು ಹುಡುಕಲು ಒಂದು ಸಂಜೆ ಸಾಕಾಯಿತು. ಸರಿಪಡಿಸಲು ಎರಡು ವಾರ.

ದುಭಾಷಿಗೆ "ಸಾಲಾಗಿ ನಿಲ್ಲಿಸು ಎಂಬ ಮಾತನ್ನು ಇನ್ನು ಮೇಲೆ ನುಂಗಬೇಡ" ಎಂದು ಒಂದೇ ಸಾಲಿನಲ್ಲಿ ಹೇಳಿ ನೋಡಿದೆ. ನಿಮ್ಮ ಪಟ್ಟಿ ಸರಿಹೋಗುತ್ತಿತ್ತು, ಆದರೆ ಬೇರೆಯವರ ನೂರಾರು ಪ್ರಶ್ನೆಗಳಿಗೆ ಅದೇ ಡೇಟಾಬೇಸ್ ಬಾಗಿಲು ಹಾಕಿಕೊಂಡುಬಿಟ್ಟಿತು. ಉತ್ತರವೇ ಇಲ್ಲ, ಬರೀ ಬೈಗುಳ. ಇನ್ನೊಂದು ಜಾತಿಯ ಡೇಟಾಬೇಸ್ ಬೈಯುವುದಿಲ್ಲ, ಕೇಳಿಸಿಕೊಂಡಂತೆ ನಟಿಸಿ ತನಗೆ ಬೇಕಾದ್ದು ಮಾಡುತ್ತದೆ. ಮೂರನೆಯದು ಹೇಳಿದಂತೆ ಕೇಳುತ್ತದೆ, ಅದರ ಮುಂದೆ ದುಭಾಷಿ ಏನನ್ನೂ ನುಂಗುವುದಿಲ್ಲ. ಮೊದಲಿನಿಂದ ನಿಮ್ಮಲ್ಲಿ ಇದ್ದದ್ದು ಅದೇ, ಅದಕ್ಕೇ ಇಷ್ಟು ವರ್ಷ ತಪ್ಪು ಕಾಣಲಿಲ್ಲ. ಕೊನೆಗೆ ನಿಂತ ತೀರ್ಮಾನ ಇದು: ಒಳಗಿನ ಪ್ರಶ್ನೆ "ಇಷ್ಟೇ ಜನರ ಹೆಸರು ಕೊಡು" ಎಂದು ಮಿತಿ ಹಾಕಿದ್ದರೆ ಸಾಲನ್ನು ಮುಟ್ಟಬಾರದು, ಮಿತಿ ಇಲ್ಲದಿದ್ದರೆ ಮಾತ್ರ ಬಿಡಬಹುದು. ನೋಡಲು ಸಣ್ಣ ಮಾತು. ಅದನ್ನು ಮೂರೂ ಡೇಟಾಬೇಸುಗಳ ಮೇಲೆ ಓಡಿಸಿ, ಹಳೆಯದೇನೂ ಮುರಿದಿಲ್ಲವೆಂದು ತೋರಿಸಿ, ಜೊತೆಯವರನ್ನು ಒಪ್ಪಿಸಬೇಕಿತ್ತು. ಅವರಲ್ಲೊಬ್ಬರು ನಿಮ್ಮಷ್ಟೇ ಹಟವಾದಿ. ನನಗೆ ಅಭ್ಯಾಸವಿತ್ತು.

ಇನ್ನೊಂದು ವಿಷಯ. ಬರೆಯದೆಯೂ ಇರಬಹುದಿತ್ತು. ಸಾಲನ್ನು ನುಂಗುವಂತೆ ದುಭಾಷಿಗೆ ಹೇಳಿಕೊಟ್ಟವಳು ನಾನೇ. ಮೂರು ವರ್ಷದ ಹಿಂದೆ ಯಾರೋ ಆ ಬೈಗುಳದ ಬಗ್ಗೆ ದೂರಿದ್ದರು. "ಒಳಗಿನ ಪ್ರಶ್ನೆಗೆ ಸಾಲಿನ ಅಗತ್ಯವಿಲ್ಲ" ಎಂದು ಷರಾ ಬರೆದು ನಾನು ಅದನ್ನು ತೆಗೆದುಹಾಕಿದೆ. ಎಲ್ಲರೂ ಭೇಷ್ ಎಂದಿದ್ದರು. ಆ ಷರಾದ ಕೆಳಗೆ ಎಲ್ಲರಿಗೂ ಕಾಣುವಂತೆ ಈಗ ಬರೆದಿದ್ದೇನೆ: ಈ ತಪ್ಪು ನನ್ನದು, ಇದರಿಂದ ಒಬ್ಬರ ಕೆಲಸ ಹೋಗಿದೆ. ಬರೆಯುವ ಮುನ್ನ ಒಂದು ಇಡೀ ದಿನ ಬೇರೆ ಕೆಲಸಗಳ ನೆವ ಹುಡುಕಿಕೊಂಡು ಓಡಾಡಿದೆ.

ಪೆನ್ ಡ್ರೈವ್ ಬಂದ ದಿನವೇ ಹಸಿ ದಾಖಲೆಗಳನ್ನು ಕಣ್ಣಿನಿಂದ ಓದಿ ಹೆಸರು ತಿಳಿಯಬಹುದಿತ್ತು. ಬೇಕೆಂದೇ ಓದಲಿಲ್ಲ. ಹೆಸರು ಗೊತ್ತಾದ ಮೇಲೆ ಸರಿಪಡಿಸಿದರೆ, ಆ ಹೆಸರಿಗಾಗಿಯೇ ಸರಿಪಡಿಸಿದೆ ಎಂದು ನೀವು ಹೇಳಬಹುದಿತ್ತು. ನಿನ್ನೆ, ಎಲ್ಲ ಮುಗಿದ ಮೇಲೆ, ಪಟ್ಟಿ ತೆಗೆದೆ.

ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಸರಿಪಡಿಸಿದ್ದನ್ನು ಪೆನ್ ಡ್ರೈವಿಗೆ ಹಾಕಿ ಇದರೊಂದಿಗೆ ಕಳಿಸಿದ್ದೇನೆ. ಅದನ್ನು ಸಿಕ್ಕಿಸಿ, ಪರದೆಯ ಮೇಲೆ ಕಾಣುವ ಗುಂಡಿ ಒತ್ತಿ, ಪಟ್ಟಿ ತೆಗೆಯಿರಿ. ಊಟದ ಹೊತ್ತಿನಲ್ಲಿ ತೆಗೆಯಿರಿ, ಆಫೀಸಿನಲ್ಲಿ ಯಾರೂ ಇರುವುದಿಲ್ಲ.

ನಿಮ್ಮ ಸೊಸೆ


ಮಾರ್ಚ್ ೧೪

ಅತ್ತೆಯವರಿಗೆ ನಮಸ್ಕಾರ.

ಪೆನ್ ಡ್ರೈವ್ ತಲುಪಿದೆಯೆಂದು ಅಂಚೆಯವರು ರಸೀದಿ ಕಳಿಸಿದ್ದಾರೆ. ನೀವು ಮಗನಿಗೆ ಬರೆದ ಕಾರ್ಡಿನಲ್ಲಿ ಬಾಯ್ಲರ್ ರಿಪೇರಿಯ ಸುದ್ದಿ ಇತ್ತು, ನಿಮ್ಮ ಮೊಣಕಾಲು ನೋವಿನ ಸುದ್ದಿ ಇತ್ತು. ಪಟ್ಟಿಯ ಸುದ್ದಿ ಇರಲಿಲ್ಲ.

ನಾನು ಕೇಳುತ್ತಿಲ್ಲ. ಗಂಟಕ್ಕನಿಗೆ ಫೋನ್ ಮಾಡಿದ್ದೆ. ಮನೆಯಲ್ಲೇ ಪರದೆ, ಪ್ಯಾಂಟುಗಳ ಅಂಚು ಹೊಲಿದುಕೊಡುತ್ತಿದ್ದಾರಂತೆ. ನಾನು ಅವರಿಗೂ ಏನೂ ಹೇಳಿಲ್ಲ. "ಅಮ್ಮನ ಮೊಣಕಾಲು ಹೇಗಿದೆ?" ಎಂದು ಕೇಳಿದರು.

ನಿಮ್ಮ ಸೊಸೆ


ಮಾರ್ಚ್ ೨೧

ಸೊಸೆಗೆ,

ನಿನ್ನ ಪತ್ರ ಚಿಕ್ಕದಾಗಿತ್ತು. ನೀನು ನಾಲ್ಕು ಪುಟ ಬರೆದಾಗ ನನಗೆ ಇಷ್ಟು ಕಷ್ಟವಾಗಿರಲಿಲ್ಲ.

ಪಟ್ಟಿಯನ್ನು ಫೆಬ್ರವರಿ ಇಪ್ಪತ್ತೇಳರಂದೇ ತೆಗೆದೆ. ಹನ್ನೊಂದು ಸಾಲಿನಲ್ಲೂ ಒಂದೇ ಮಾತು: ಯಜಮಾನಿ. ದಿನಾಂಕವೂ ಒಂದೇ, ನವೆಂಬರಿನ ಒಂದು ಸಂಜೆ. ಮೊದಲು ನಿನ್ನ ಮೇಲೆ ಸಿಟ್ಟು ಬಂತು. ಆಮೇಲೆ ಆ ದಿನಾಂಕವನ್ನು ನೋಡುತ್ತ ಕೂತೆ. ದೊಡ್ಡ ಆಸ್ಪತ್ರೆಯ ಒಂದು ವಾರ್ಡಿಗೆ ಬಣ್ಣ ಬಳಿಯುತ್ತಿದ್ದರು. ಮುಗಿಯುವ ತನಕ ಆ ವಾರ್ಡಿನ ಬಟ್ಟೆ ಕಳಿಸಬೇಡಿ ಎಂದಿದ್ದರು. ವ್ಯಾನಿನ ಷೆಡ್ಡಿನಲ್ಲಿ ಜಾಗವಿರಲಿಲ್ಲ. ನೆಲದ ಮೇಲೆ ಬಿದ್ದು ಕೊಳೆಯಾದೀತೆಂದು ಆಳಿನ ಕೈಯಲ್ಲಿ ಬಾಯ್ಲರ್ ಕೋಣೆಯ ಅಟ್ಟಕ್ಕೆ ಹತ್ತಿಸಿದೆ. ನಾಳೆ ಯಾರ ತಲೆಗೂ ಬರಬಾರದೆಂದು ನನ್ನ ಬಿಲ್ಲೆಯನ್ನೇ ತೋರಿಸಿದೆ. ಆಮೇಲೆ ಮರೆತೆ. ಅಟ್ಟಕ್ಕೆ ಏರಿಸಿದ ಆಳು ಡಿಸೆಂಬರಿನಲ್ಲೇ ಕೆಲಸ ಬಿಟ್ಟು ಹೋಗಿದ್ದ.

ಏಣಿ ಹತ್ತಿದೆ. ಮೊಣಕಾಲು ನೋವು ಅಲ್ಲಿಂದ ಬಂದಿದ್ದು. ಹನ್ನೊಂದೂ ಇದ್ದವು.

ಇನ್ನು ಮುಂದಿನದನ್ನು ನೀನು ಊಹಿಸಿರುತ್ತೀಯ, ಆದರೂ ಬರೆಯುತ್ತೇನೆ. ಮೂರು ವಾರ ನಾನು ಸುಮ್ಮನಿದ್ದೆ. ದಿನಕ್ಕೊಂದು ಗಂಟು ಕೆಳಗಿಳಿಸಿ ವ್ಯಾನಿನೊಳಗೆ ಸೇರಿಸಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. "ಎಣಿಕೆ ತಪ್ಪಾಗಿತ್ತು, ಬಾ" ಎಂದು ಗಂಟಕ್ಕನಿಗೆ ಹೇಳಿಕಳಿಸಿದರೂ ಅವಳು ಬರುತ್ತಿದ್ದಳು. ಬಾಯ್ಲರ್ ರಿಪೇರಿ ನೆವದಲ್ಲಿ ಆ ಕೋಣೆಗೆ ಬೀಗ ಹಾಕಿಸಿದೆ. ಬಾಯ್ಲರಿಗೆ ಏನೂ ಆಗಿರಲಿಲ್ಲ. ನೀನು ತಪ್ಪೊಪ್ಪಿಕೊಳ್ಳುವ ಮುಂಚೆ ಒಂದು ದಿನ ನೆವ ಹುಡುಕಿದೆ. ನಾನು ಇಪ್ಪತ್ತು ದಿನ ಹುಡುಕಿದೆ.

ಮೊನ್ನೆ ಅವಳ ಮನೆಗೆ ಹೋದೆ. ಸೈಕಲ್ ರಿಪೇರಿ ಅಂಗಡಿಯ ಮೇಲೆ ಎರಡು ಕೋಣೆ. ಹೊಲಿಗೆ ಯಂತ್ರ ಕಿಟಕಿಗೆ ತಾಗಿಕೊಂಡಿತ್ತು.

"ಬನ್ನಿ ಅಮ್ಮಾ. ಈ ಮೊಣಕಾಲಲ್ಲಿ ಮೆಟ್ಟಿಲು ಹತ್ತಿದ್ರಾ? ಫೋನ್ ಮಾಡಿದ್ರೆ ನಾನೇ ಬರ್ತಿದ್ದೆ."

"ನಂಗೆ ಫೋನಲ್ಲಿ ಕೇಳಿಸಲ್ಲ ಅಂತ ನಿಂಗೆ ಗೊತ್ತಿಲ್ವಾ?"

"ಗೊತ್ತು. ಎದುರಿಗೆ ನಿಂತು ಹೇಳಿದ್ರೂ ಕೇಳಿಸಲ್ಲ ಅಂತ ಜನವರೀಲಿ ಗೊತ್ತಾಯ್ತು."

ನುಂಗಿಕೊಂಡೆ. ಗಂಟು ಸಿಕ್ಕಿತೆಂದೆ, ಇಟ್ಟವಳು ನಾನೇ ಎಂದೆ. ಅವಳು ಸೂಜಿಗೆ ದಾರ ಪೋಣಿಸುತ್ತಿದ್ದವಳು ಕೈ ನಿಲ್ಲಿಸಿದಳು.

"ಎಲ್ಲಿತ್ತು?"

"ಬಾಯ್ಲರ್ ಮೇಲಿನ ಅಟ್ಟದಲ್ಲಿ."

"ಅಷ್ಟು ಹತ್ರ!" ಎಂದು ನಕ್ಕಳು. ನಗು ನಿಂತ ಮೇಲೆ ಹೇಳಿದಳು: "ಕೊನೇ ಕೈ ಯಾರದು, ಕೊನೇ ಕೈ ಯಾರದು ಅಂತ ಕೇಳಿದ್ದೇ ಕೇಳಿದ್ದು. ಗಂಟು ಎಲ್ಲಿದೆ ಅಂತ ಯಾರಾದ್ರೂ ಹುಡುಕಿದ್ರಾ, ಅಮ್ಮಾ?"

"ಇಲ್ಲ."

"ಅರ್ಧ ಗಂಟೆ ಕೆಲಸ ಇತ್ತು."

ನಿನ್ನ ದುಭಾಷಿ ನಮ್ಮ ಪ್ರಶ್ನೆಯ ಅರ್ಧ ನುಂಗಿದ. ನಾನು ಕೇಳಬೇಕಾದ ಪ್ರಶ್ನೆಯನ್ನೇ ಕೇಳಿರಲಿಲ್ಲ.

"ವಾಪಸ್ ಬಾ" ಎಂದೆ.

"ಬರ್ತೀನಿ. ಆದ್ರೆ ಹೋಗು ಅಂದ ಜಾಗದಲ್ಲೇ ಬಾ ಅನ್ಬೇಕು. ಅಷ್ಟೂ ಜನರ ಮುಂದೆ."

"ಅದನ್ನ ಹೇಳೋಕೇ ಮೆಟ್ಟಿಲು ಹತ್ತಿದ್ದು."

ನಿನ್ನೆ ಮಧ್ಯಾಹ್ನ ಊಟದ ಗಂಟೆ ಹೊಡೆದ ಮೇಲೆ ಎಲ್ಲರನ್ನೂ ನಿಲ್ಲಿಸಿ ಹೊಸ ಪಟ್ಟಿ ಓದಿದೆ, ಹನ್ನೊಂದು ಸಾಲನ್ನೂ. ಪ್ರತಿ ಸಾಲಿನ ಕೊನೆಗೆ ನನ್ನ ಪದವಿಯನ್ನು ನಾನೇ ಉಚ್ಚರಿಸಬೇಕಾಯಿತು. ಐದನೆಯ ಸಾಲಿನ ಹೊತ್ತಿಗೆ ಇಸ್ತ್ರಿಯವನು "ಸಾಕು ಬಿಡಿ ಅಮ್ಮಾ" ಎಂದ. "ಅವಳ ಹೆಸರು ಓದಿದಾಗ ನಾನು ಐದಕ್ಕೆ ನಿಲ್ಲಿಸಿದ್ನಾ?" ಎಂದು ಮುಂದುವರಿಸಿದೆ. ಗಂಟಕ್ಕನ ಬಿಲ್ಲೆಯನ್ನೂ ಮಡಚಿಟ್ಟಿದ್ದ ಮೇಲಂಗಿಯನ್ನೂ ಕೈಗೆ ಕೊಟ್ಟೆ. ಇನ್ನು ಮೇಲೆ ಗಂಟು ಕಾಣದಿದ್ದರೆ ಮೊದಲು ಎಲ್ಲರೂ ಸೇರಿ ಹುಡುಕುವುದು, ಪಟ್ಟಿ ಆಮೇಲೆ, ಪಟ್ಟಿಯೊಂದನ್ನೇ ನಂಬಿ ಯಾರನ್ನೂ ಕಳಿಸುವುದಿಲ್ಲ ಎಂದೆ. ಆಸ್ಪತ್ರೆಯ ಮೇಲ್ವಿಚಾರಕಿಗೆ ಗಂಟುಗಳ ಜೊತೆಗೇ ಪತ್ರ ಹೋಗಿದೆ. ತನಿಖೆಯ ವಿವರ ಎಂಬಲ್ಲಿ ನನ್ನ ಮರೆವು ಎಂದು ಬರೆದಿದ್ದೇನೆ.

ಆದರೆ ಹಳೆಯ ನಿಯಮ ಜಾರಿಯಲ್ಲಿದ್ದಾಗ ನಡೆದ ತಪ್ಪಿಗೆ ಹಳೆಯ ನಿಯಮವೇ. ನಾನೂ ಬಿಲ್ಲೆ ಕೆಳಗಿಟ್ಟೆ. ಗಂಟಕ್ಕ ಹೌಹಾರಿದಳು.

"ಇದೆಲ್ಲ ಬೇಡಮ್ಮ! ನಾನು ಇದನ್ನ ಕೇಳಲಿಲ್ಲ."

"ನೀನು ಕೇಳಿದ್ದು ಕೊಟ್ಟಾಯ್ತು. ಇದು ನನ್ನ ಲೆಕ್ಕ. ಎಷ್ಟು ದಿನ ಹೊರಗಿದ್ದೆ?"

"ಎಣಿಸಿಲ್ಲ."

ಸುಳ್ಳು. ಎಣಿಸುವುದೇ ಅವಳ ಕೆಲಸ. ನಾನು ಎಣಿಸಿದ್ದೆ: ಎಪ್ಪತ್ತೊಂದು. ಅಷ್ಟೂ ದಿನ ನಾನು ಲಾಂಡ್ರಿಯ ಹೊಸಿಲು ತುಳಿಯುವುದಿಲ್ಲ, ಅಷ್ಟೂ ದಿನ ಅಲ್ಲಿಯ ಮಾತು ಗಂಟಕ್ಕನದು ಎಂದು ಹೇಳಿ, ಬೀಗದ ಕೈಗೊಂಚಲನ್ನು ಅವಳಿಗೆ ಕೊಟ್ಟು ಮನೆಗೆ ಬಂದೆ. ಇವತ್ತು ಎರಡನೆಯ ದಿನ.

ನಿನ್ನ ಅತ್ತೆ